ಯಲಿಯೂರು ಹಳಿ ಪಕ್ಕ ಪಂಜು ಹಿಡಿದು ನಿಂತ ಮುತ್ತಾತ: ಬರುವವರು ಯಾರು ಅಂತ ಪೇಪರಿನವರಿಗಾದರೂ ಗೊತ್ತಿತ್ತಾ?

ಪ್ರಶ್ನೆ: ಯಲಿಯೂರು ಹುಡುಗ

ಎಲ್ಲರಿಗೂ ನಮಸ್ಕಾರ. ಹಳೇ ಮೈಸೂರಿನ ಕಡತಗಳನ್ನು ಕಂಡ ಹಿರಿಯರು ಇಲ್ಲಿದ್ದೀರಿ ಅನ್ನೋ ಧೈರ್ಯದ ಮೇಲೆ ಕೇಳ್ತಾ ಇದೀನಿ.

ನಮ್ಮೂರು ಈಗಿನ ಯಲಿಯೂರು ಸ್ಟೇಷನ್ನಿಗೆ ಕಾಲುನಡಿಗೆ ದೂರ. ನಮ್ಮ ಮುತ್ತಾತ ಊರ ತಳವಾರ. ನಮ್ಮಜ್ಜಿ ಅವರ ಸೊಸೆ, ಈಗ ತೊಂಬತ್ತು ದಾಟಿದೆ. ಮಾವನ ಬಾಯಿಂದಲೇ ಕೇಳಿದ ಕಥೆ ಅಂತ ಅವರು ನೂರು ಸಲ ಹೇಳಿದ್ದಾರೆ. ಒಂದು ದಿನ ಹೊತ್ತು ಇಳಿಯೋ ವೇಳೆಗೆ ಪಟೇಲರ ಮನೆಯಿಂದ ಕರೆ ಬಂತಂತೆ. ಊರಿನಿಂದ ಎಂಟು ಆಳು ರೈಲುಹಳಿ ಪಕ್ಕ ನಿಲ್ಲಬೇಕು. ಒಬ್ಬನ ಪಂಜು ಇನ್ನೊಬ್ಬನ ಕಣ್ಣಿಗೆ ಕಾಣುವಷ್ಟೇ ಅಂತರ ಇರಬೇಕು. ಗಾಡಿ ಬಂದಾಗ ಗಾಡಿಗೆ ಬೆನ್ನು ಮಾಡಿ ಹೊಲದ ಕಡೆ ನೋಡ್ತಾ ನಿಲ್ಲಬೇಕು. ಬರೋರು ಯಾರು ಅಂತ ಕೇಳಿದ್ದಕ್ಕೆ ಪಟೇಲರು "ದೊಡ್ಡವರು" ಅಂದರಂತೆ, ಅಷ್ಟೇ. ಮೊದಲು ಒಂದು ಎಂಜಿನ್ನು ಹೋಯಿತು, ಆಮೇಲೆ ಇನ್ನೊಂದು ಗಾಡಿ. ಬೆಳಗಾಗೋ ತನಕ ಮನೆಗೆ ಹೋಗಿ ಅಂತ ಯಾರೂ ಹೇಳಲಿಲ್ಲ. ಮುತ್ತಾತ ಸಾಯೋ ತನಕ ಆ ಗಾಡಿಯಲ್ಲಿ ಹೋದವರು ಯಾರು ಅಂತ ತಿಳೀಲೇ ಇಲ್ಲವಂತೆ.

ಕೇಳಬೇಕಾದದ್ದು ಎರಡು. ಆ ಗಾಡಿಯಲ್ಲಿ ಹೋದವರು ಯಾರಿರಬಹುದು? ಇನ್ನೊಂದು ನನ್ನನ್ನು ಜಾಸ್ತಿ ಕಾಡ್ತಾ ಇರೋದು: ಹಳಿ ಕಾಯೋ ತಳವಾರನಿಗೇ ಹೇಳದ ಸುದ್ದಿ ಪತ್ರಿಕೆಗಳಿಗೆ ಹೋಗ್ತಾ ಇತ್ತಾ? ವೈಸ್‌ರಾಯ್ ತರದವರು ಬರುವಾಗ ಯಾವ ಸುದ್ದಿ ಬಿಡಬೇಕು, ಯಾವುದನ್ನು ತಡೀಬೇಕು ಅಂತ ತೀರ್ಮಾನ ಮಾಡ್ತಾ ಇದ್ದವರು ಯಾರು? ಅಜ್ಜಿ ಇರುವಾಗಲೇ ಈ ಕಥೆಯನ್ನ ಸರಿಯಾಗಿ ಬರೆದಿಡಬೇಕು ಅಂತ ಆಸೆ.

ಉತ್ತರ: ಕರ್ಜನ್ ಪಾರ್ಕ್ ಬೆಂಚು

ಒಳ್ಳೇ ಪ್ರಶ್ನೆ. ಮೈಸೂರಿಗೆ ಬಂದ "ದೊಡ್ಡವರು" ಒಬ್ಬಿಬ್ಬರಲ್ಲ. 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಡೋಕೆ ವೈಸ್‌ರಾಯ್ ಕರ್ಜನ್ ಬಂದರು. 1906ರಲ್ಲಿ ಆಗಿನ ಬ್ರಿಟನ್ ಯುವರಾಜ ಜಾರ್ಜ್, 1909ರಲ್ಲಿ ಮಿಂಟೊ, 1913ರಲ್ಲಿ ಹಾರ್ಡಿಂಜ್, 1922ರ ಜನವರಿಯಲ್ಲಿ ಯುವರಾಜ ಎಡ್ವರ್ಡ್, 1927ರಲ್ಲಿ ಇರ್ವಿನ್. ನಮ್ಮೂರಿನ ಕರ್ಜನ್ ಪಾರ್ಕು, ಹಾರ್ಡಿಂಜ್ ಸರ್ಕಲ್ಲು, ಇರ್ವಿನ್ ರಸ್ತೆ ಎಲ್ಲ ಇವರ ಹೆಸರಿನವೇ. ನಿಮ್ಮ ಮಂಡ್ಯದ ವಿ.ಸಿ. ನಾಲೆಗೂ ಮೊದಲಿದ್ದ ಹೆಸರು ಇರ್ವಿನ್ ನಾಲೆ.

ಮೊದಲು ಹೋದ ಒಂಟಿ ಎಂಜಿನ್ನು ಪೈಲಟ್ ಇರಬೇಕು. ಹಳಿ ಮೇಲೆ ಏನಾದರೂ ಇಟ್ಟಿದ್ದರೆ ಅದು ಮೊದಲು ತಾಗಲಿ ಅಂತ ಸ್ಪೆಷಲ್ ರೈಲಿನ ಮುಂದೆ ಬಿಡ್ತಾ ಇದ್ದರು. ಅದೊಂದರಿಂದಲೇ ಯಾವ ಭೇಟಿ ಅಂತ ಹೇಳೋಕಾಗೋದಿಲ್ಲ. ಅಜ್ಜಿಯನ್ನ ಕೇಳಿ ನೋಡಿ, ಆಗ ನಿಮ್ಮ ತಾತ ಹುಟ್ಟಿದ್ದರಾ, ಹೊಲದಲ್ಲಿ ಏನಿತ್ತು, ಚಳಿ ಇತ್ತಾ ಅಂತ.

ಉತ್ತರ: ಸರಸ್ವತಿಪುರಂ ನಿವೃತ್ತ

ತಮ್ಮಾ, ನಿನ್ನ ಎರಡನೇ ಪ್ರಶ್ನೆ ಓದಿ ನಾನು ನಿನ್ನೆ ರಾತ್ರಿ ನಿದ್ದೆ ಮಾಡಲಿಲ್ಲ. ಮೂವತ್ತು ವರ್ಷ ಸರ್ಕಾರದ ಪತ್ರಿಕಾ ಪ್ರಕಟಣೆ ಬರೆದು ಬದುಕಿದವನು ನಾನು. ಸ್ಟೆನ್ಸಿಲ್ ಕಾಗದ ಟೈಪ್ ಮಾಡಿ, ಸೈಕ್ಲೋಸ್ಟೈಲ್ ಹೊಡೆದು, ಸೈಕಲ್ಲಿನಲ್ಲಿ ಪೇಪರ್ ಆಫೀಸುಗಳಿಗೆ ಹಂಚಿದ ಕಾಲದವನು. ನಿವೃತ್ತಿಯಾದ ಮೇಲೆ ಹಳೇ ಕಡತ ಓದೋ ಗೀಳು ಹತ್ತಿತು. ತಿಳಿದಷ್ಟು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಒಂದು ಮಾತು. "ಭೇಟಿಯ ಸುದ್ದಿ" ಅಂತ ನಾವು ಒಂದೇ ಹೆಸರಿನಲ್ಲಿ ಕರೆಯೋದರಲ್ಲಿ ಮೂರು ಸುದ್ದಿ ಇರ್ತಾವೆ. ಬರ್ತಾರೆ ಅನ್ನೋದು ಒಂದು. ಯಾವ ಹೊತ್ತಿಗೆ, ಯಾವ ದಾರಿಯಲ್ಲಿ ಅನ್ನೋದು ಎರಡನೇದು. ಬಂದು ಏನು ಹೇಳ್ತಾರೆ ಅನ್ನೋದು ಮೂರನೇದು. ಮೊದಲನೇದನ್ನ ಆಗಿನ ಸರ್ಕಾರ ಮುಚ್ಚಿಡ್ತಾ ಇರಲಿಲ್ಲ. ಮುಚ್ಚಿಟ್ಟರೆ ದರ್ಬಾರಿಗೆ ಜನ ಎಲ್ಲಿಂದ ಬರಬೇಕು, ಕಮಾನು ಯಾರು ಕಟ್ಟಬೇಕು? ವೈಸ್‌ರಾಯ್ ಪ್ರವಾಸ ಅಂದರೆ ಜನಕ್ಕೆ ಕಾಣಬೇಕಾದ ಮೆರವಣಿಗೆ. ಹಾಗಾಗಿ ಇಂಥ ದಿನ ಸ್ವಾಗತ, ಇಂಥ ದಿನ ಔತಣ, ಖೆಡ್ಡಾ ನೋಡೋಕೆ ಕಾಕನಕೋಟೆಗೆ ಪಯಣ, ಇಷ್ಟು ಪತ್ರಿಕೆಗೆ ಬರ್ತಾ ಇತ್ತು. ಎರಡನೇದು ಪೊಲೀಸು, ರೈಲ್ವೆ, ಅಮಲ್ದಾರರ ನಡುವೆ ಉಳೀತಾ ಇತ್ತು. ನಿನ್ನ ಮುತ್ತಾತನ ಕೈಗೆ ಬಂದ ಪಂಜು ಆ ಎರಡನೇ ಸುದ್ದಿಯ ತುದಿ. ಮೂರನೇದಿದೆಯಲ್ಲ, ಸರ್ಕಾರದವರು ನಿಜವಾಗಿ ಎದೆ ಬಡಿದುಕೊಂಡು ಕಾದದ್ದು ಅದನ್ನ.

1911ರ ದೆಹಲಿ ದರ್ಬಾರು ನೋಡು. ಚಕ್ರವರ್ತಿ ಬರೋದು ಲೋಕಕ್ಕೆಲ್ಲ ಗೊತ್ತಿತ್ತು. ರಾಜಧಾನಿ ಕಲ್ಕತ್ತದಿಂದ ದೆಹಲಿಗೆ ಹೋಗುತ್ತೆ, ಬಂಗಾಳದ ವಿಭಜನೆ ರದ್ದಾಗುತ್ತೆ ಅನ್ನೋದು ಮಾತ್ರ ಇಡೀ ಭಾರತದಲ್ಲಿ ಬೆರಳೆಣಿಕೆಯ ಜನರಿಗೆ ಗೊತ್ತಿತ್ತು. ಆ ಗೆಜೆಟ್ ಅಚ್ಚು ಮಾಡೋಕೆ ದೆಹಲಿಯಲ್ಲಿ ಬೇರೆ ಶಿಬಿರ ಹಾಕಿ, ಒಳಗೆ ಹೋದ ಅಚ್ಚಿನ ಕೆಲಸಗಾರರು ಹೊರಗೆ ಬಾರದ ಹಾಗೆ ಸುತ್ತ ಪಹರೆ ಇಟ್ಟರು. ಡಿಸೆಂಬರ್ 12ಕ್ಕೆ ಚಕ್ರವರ್ತಿ ಬಾಯಿಬಿಟ್ಟ ಮೇಲೆಯೇ ಕಾಗದ ಹೊರಗೆ ಬಂತು. ಅಚ್ಚುಮೊಳೆ ಜೋಡಿಸಿದ ಆ ಕಂಪಾಜಿಟರುಗಳನ್ನ ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ. ಹೊರಗಿನವರಿಗೆ ಒಂದು ಮಾತೂ ಹೇಳಲಾಗದೆ ಕೂತವರು.

ಮುಂದಿನ ವರ್ಷ 1912ರ ಡಿಸೆಂಬರ್ 23ಕ್ಕೆ ಚಾಂದನಿ ಚೌಕದಲ್ಲಿ ಆನೆ ಮೇಲೆ ಹೋಗ್ತಿದ್ದ ಹಾರ್ಡಿಂಜ್ ಮೇಲೆ ಬಾಂಬು ಬಿತ್ತು. ಹಿಂದೆ ಛತ್ರಿ ಹಿಡಿದಿದ್ದ ಆಳು ಅಲ್ಲೇ ಸತ್ತ, ವೈಸ್‌ರಾಯ್ ಕೆಟ್ಟ ಗಾಯಗೊಂಡರು. ಅದಾಗಿ ಹನ್ನೊಂದು ತಿಂಗಳು ತುಂಬೋ ಮುಂಚೆ ಅದೇ ಮನುಷ್ಯ ಮೈಸೂರಿಗೆ ಬಂದದ್ದು. ವಿಶ್ವೇಶ್ವರಯ್ಯನವರು ದಿವಾನಗಿರಿ ಹಿಡಿದು ಒಂದು ವರ್ಷ. ಕನ್ನಂಬಾಡಿ ಕಟ್ಟೆ ಏಳ್ತಾ ಇದೆ, ಮದ್ರಾಸು ತಕರಾರು ತೆಗೆದಿದೆ, ಅದನ್ನ ತೀರಿಸೋಕೆ ಕೂತ ಗ್ರಿಫಿನ್ ಪಂಚಾಯ್ತಿಯ ತೀರ್ಪು ಬಂದದ್ದು ಅದರ ಮುಂದಿನ ವರ್ಷ. ಇಂಥ ಹೊತ್ತಿನಲ್ಲಿ ವೈಸ್‌ರಾಯ್ ಬಂದರೆ ಅವರು ನಕ್ಕರೂ ಸುದ್ದಿ, ಕೆಮ್ಮಿದರೂ ಸುದ್ದಿ. ಅವರು ತಂದದ್ದು ಇನ್ನೂ ದೊಡ್ಡ ವಿಷಯ. 1881ರಲ್ಲಿ ರಾಜ್ಯ ವಾಪಸು ಕೊಡುವಾಗ ಬರೆಸಿಕೊಂಡ ಹಸ್ತಾಂತರ ಪತ್ರದ ಜಾಗದಲ್ಲಿ ಹೊಸ ಒಪ್ಪಂದ ಮಾಡ್ತೀವಿ ಅಂತ ಮೈಸೂರಿನ ಔತಣಕೂಟದಲ್ಲಿ ಎದ್ದು ನಿಂತು ಹೇಳಿದರು. ಒಪ್ಪಂದಕ್ಕೆ 1913ರ ನವೆಂಬರ್ 26ರ ತಾರೀಖಿದೆ.

ಇದರಲ್ಲಿ ಒಂದು ರೂಢಿ ಕಾಣುತ್ತೆ. ಆಗ ಸರ್ಕಾರದ ದೊಡ್ಡ ಪ್ರಕಟಣೆಗೆ ವೇದಿಕೆ ಊಟದ ಮೇಜು. ಮಹಾರಾಜರ ಭಾಷಣದ ಕರಡು ರೆಸಿಡೆಂಟರ, ಅಂದರೆ ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ, ಕೈ ದಾಟಿ ಬರ್ತಾ ಇತ್ತು, ವೈಸ್‌ರಾಯ್ ಏನು ಹೇಳ್ತಾರೆ ಅನ್ನೋದಕ್ಕೆ ತಕ್ಕ ಹಾಗೆ ಇಲ್ಲಿಯ ಮಾತು ಕೂರಬೇಕಿತ್ತು. ಪತ್ರಿಕೆಯವರಿಗೆ ಸಿಗ್ತಾ ಇದ್ದದ್ದು ಹೇಳಿ ಮುಗಿದ ಮಾತಿನ ಪ್ರತಿ. 1927ರಲ್ಲೂ ಹೀಗೇ ಆಯಿತು. ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ, ಅಂದರೆ ಕಪ್ಪ, ಕಟ್ತಾ ಇತ್ತು. ಅದರಲ್ಲಿ ಹತ್ತೂವರೆ ಲಕ್ಷ ಬಿಟ್ಟುಕೊಡ್ತೀವಿ ಅಂತ ಇರ್ವಿನ್ ಹೇಳಿದ್ದು ಮೈಸೂರಿಗೆ ಬಂದಾಗ. ಮಾತು ಮೊದಲೇ ಸೋರಿದ್ದರೆ ಮಿಕ್ಕ ಸಂಸ್ಥಾನದವರೆಲ್ಲ ನಮಗೂ ಅಂತ ಕೈ ಚಾಚ್ತಾ ಇದ್ದರು. ಸೋರಿ ಆಮೇಲೆ ಆಗದೆ ಹೋಗಿದ್ದರೆ ಮಹಾರಾಜರಿಗೆ ಅವಮಾನ. ಗುಟ್ಟಿಗೆ ಇದು ಕಾರಣ, ಬಾಂಬಿಗೂ ಇದಕ್ಕೂ ಸಂಬಂಧ ಇಲ್ಲ.

ಇನ್ನು ಯಾರು ತೀರ್ಮಾನ ಮಾಡ್ತಾ ಇದ್ದರು ಅನ್ನೋದು. ಬ್ರಿಟಿಷ್ ಸರ್ಕಾರ 1877ರಲ್ಲೇ ಪತ್ರಿಕಾ ಕಮಿಷನರ್ ಅಂತ ಒಂದು ಹುದ್ದೆ ಮಾಡಿತ್ತು, ಪತ್ರಿಕೆಗಳಿಗೆ ಸರ್ಕಾರವೇ ಸುದ್ದಿ ಕೊಡಲಿ ಅಂತ. ಲಿಟ್ಟನ್ ತಂದದ್ದು, ರಿಪ್ಪನ್ ಕಾಲದಲ್ಲಿ ರದ್ದಾಯಿತು. ಆಮೇಲೆ ಬಹಳ ಕಾಲ ಆಯಾ ಇಲಾಖೆಯ ಕಾರ್ಯದರ್ಶಿಗಳೇ ನೋಡಿಕೊಂಡರು. ಮತ್ತೆ ಒಂದು ಪ್ರಚಾರ ಘಟಕ ಅಂತ ಶುರುವಾದದ್ದು 1919ರಲ್ಲಿ, ಗೃಹ ಇಲಾಖೆ ಕೆಳಗೆ, ಸಿಮ್ಲಾದಲ್ಲಿ. ಈಗಿನ ಕೇಂದ್ರದ ವಾರ್ತಾ ಶಾಖೆಗೆ ಮೂಲ ಅದೇ. ಸಂಸ್ಥಾನಗಳ ವಿಷಯ ಮಾತ್ರ ರಾಜಕೀಯ ಇಲಾಖೆಯದು, ಇಲ್ಲಿ ಅದರ ಕಣ್ಣು ರೆಸಿಡೆಂಟ್. 1913ರಲ್ಲಿ ಹ್ಯೂ ಡಾಲಿ ಇದ್ದರು, ಬೆಂಗಳೂರಿನ ಮಿಥಿಕ್ ಸೊಸೈಟಿ ಕಟ್ಟಡಕ್ಕೆ ಹೆಸರಿದೆಯಲ್ಲ, ಅವರೇ. ದಿವಾನರು ತಮ್ಮ ಊರಿನ ಸಮಾರಂಭದ ಸುದ್ದಿ ತಾವು ಕೊಡಬಹುದು, ವೈಸ್‌ರಾಯ್ ಬಗ್ಗೆ ಒಂದು ಸಾಲು ಬರೆಯಬೇಕಾದರೂ ರೆಸಿಡೆಂಟರನ್ನ ಕೇಳಬೇಕು. ಕೇಳೋದು ತಂತಿಯಲ್ಲಿ, ಇಲ್ಲದಿದ್ದರೆ ಅರೆ ಸರ್ಕಾರಿ ಪತ್ರದಲ್ಲಿ. ನಾವು ಕಚೇರಿಯಲ್ಲಿ ಡಿ.ಓ. ಅಂತ ಬರೀತಿದ್ದೆವಲ್ಲ, ಆ ಚಾಳಿ ಅಲ್ಲಿಂದ ಬಂದದ್ದು.

ಸರ್ಕಾರದ ಕಾಗದಕ್ಕೂ ಜಾತಿ ಇತ್ತು. ಕಮ್ಯೂನಿಕೆ ಅಂದರೆ ಇಲಾಖೆಯ ಹೆಸರು, ಊರು, ತಾರೀಖು ಹಾಕಿದ್ದು, ಒಂದು ಪದ ಕದಲಿಸದೆ ಅಚ್ಚು ಹಾಕಬೇಕು. ಪ್ರೆಸ್ ನೋಟಾದರೆ ಸಂಪಾದಕ ಕತ್ತರಿಸಬಹುದು, ತಲೆಬರಹ ಕೊಡಬಹುದು. ನಾನು ಕೆಲಸಕ್ಕೆ ಸೇರಿದಾಗಲೂ ಮೊದಲ ವಾರ ಕಲಿಸಿದ ಪಾಠ ಇದು. ಸೂಕ್ಷ್ಮದ ಮಾತಾದರೆ ಕಮ್ಯೂನಿಕೆ, ಬೇರೆ ಯೋಚನೆ ಮಾಡಬೇಡ ಅಂತ ನನ್ನ ಮೇಲಧಿಕಾರಿ ಹೇಳ್ತಿದ್ದರು.

ಮೈಸೂರಿನ ಪತ್ರಿಕೆಗಳಿಗೆ ಇನ್ನೊಂದು ಸಂಕಟ. 1908ರಲ್ಲಿ ಇಲ್ಲಿ ಪತ್ರಿಕಾ ಕಾನೂನು ಬಂತು. ಪತ್ರಿಕೆ ನಡೆಸೋಕೆ ಸರ್ಕಾರದ ಅಪ್ಪಣೆ ಬೇಕು, ಕೊಟ್ಟ ಅಪ್ಪಣೆ ಕಿತ್ತುಕೊಳ್ಳಲೂಬಹುದು. ತಾತಯ್ಯನವರು, ಎಂ. ವೆಂಕಟಕೃಷ್ಣಯ್ಯ, ಇದನ್ನ ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಂಥವರಿದ್ದ ಊರು ಇದು. ಆದರೆ ಬೆಂಗಳೂರು ದಂಡುಪ್ರದೇಶ ರೆಸಿಡೆಂಟರ ಆಡಳಿತದಲ್ಲಿತ್ತು, ಅಲ್ಲಿಯ ಇಂಗ್ಲಿಷ್ ಪತ್ರಿಕೆಗೆ ಮೈಸೂರಿನ ಕಾನೂನು ತಾಗೋದಿಲ್ಲ. ಮದ್ರಾಸಿನ ಪತ್ರಿಕೆ ಅಂತೂ ಕೈಗೇ ಸಿಗೋದಿಲ್ಲ. ಹೀಗಾಗಿ ದಿವಾನರು ಸುದ್ದಿ ತಡೆದರೆ ತಡೆದದ್ದು ಕನ್ನಡದವನಿಗೆ ಮಾತ್ರ. ಇದು ನನಗೆ ಈಗಲೂ ನೋವು ಕೊಡೋ ವಿಷಯ.

ನಿದ್ದೆ ಯಾಕೆ ಬರಲಿಲ್ಲ ಅಂತ ಹೇಳ್ತೀನಿ. ನಾನು ಹೊಸಬನಾಗಿದ್ದಾಗ ಒಬ್ಬ ದೊಡ್ಡ ನಾಯಕರು ಮಂಡ್ಯ ಕಡೆ ಬರೋ ಕಾರ್ಯಕ್ರಮ ಇತ್ತು. ಟಿ.ಪಿ., ಅಂದರೆ ಪ್ರವಾಸದ ಪಟ್ಟಿ, ಕೈಗೆ ಬಂದಿತ್ತು. ಸಭೆಯ ಜಾಗ, ಹೊತ್ತು ಮಾತ್ರ ಕೊಡಬೇಕಾಗಿದ್ದ ನೋಟಿನಲ್ಲಿ ನಾನು ದಾರಿಯನ್ನೂ ಬರೆದುಬಿಟ್ಟೆ. ಬೆಳಗ್ಗೆ ಪೇಪರಿನಲ್ಲಿ ಬಂತು. ಅದನ್ನ ಓದಿದ ಪೊಲೀಸರು ದಾರಿ ಬದಲಿಸಿದರು. ನಾನು ಬೇರೆ ಕೆಲಸಕ್ಕೆ ಆ ರಸ್ತೆಯಲ್ಲೇ ಹೋಗ್ತಾ ನೋಡ್ತೀನಿ, ಆಲದ ಮರದ ಕೆಳಗೆ ಇನ್ನೂರು ಮುನ್ನೂರು ಜನ. ಒಬ್ಬ ಮುದುಕಮ್ಮ ಸೆರಗಿನ ಗಂಟಿನಲ್ಲಿ ಅರ್ಜಿ ಇಟ್ಟುಕೊಂಡು ಕೂತಿದೆ, ಬಿಸಿಲಲ್ಲಿ. ಈ ದಾರೀಲಿ ಬರೋದಿಲ್ಲ ಕಣವ್ವ ಅಂತ ಹೇಳೋಕೆ ನನಗೆ ಅಧಿಕಾರ ಇರಲಿಲ್ಲ. ಹೇಳದೆ ಬಂದೆ. ನಿನ್ನ ಮುತ್ತಾತ ಬೆಳಗಾಗೋ ತನಕ ನಿಂತಿದ್ದರು ಅಂತ ಓದಿದಾಗ ಆಯಮ್ಮ ಕಣ್ಣ ಮುಂದೆ ಬಂದಿತು.

ಉತ್ತರ: ಮದ್ದೂರಿನ ಮೇಷ್ಟ್ರಮ್ಮ

ಸರಸ್ವತಿಪುರಂ ಹಿರಿಯರಿಗೆ ನಮಸ್ಕಾರ. ನೀವು ಬರೆದದ್ದು ಮನಸ್ಸಿಗೆ ತಾಕಿತು. ಆದರೆ ಒಂದು ಮಾತು ಸೇರಿಸಲೇಬೇಕು. ಎಲ್ಲ ಭೇಟಿಯೂ ವೈಸ್‌ರಾಯರದ್ದೇ ಅಲ್ಲ. ಸರ್ಕಾರಕ್ಕೆ ನಿಜವಾಗಿ ತಲೆನೋವಾದದ್ದು ನಮ್ಮವರ ಭೇಟಿ.

1927ರಲ್ಲಿ ಗಾಂಧೀಜಿ ಕಾಯಿಲೆಯಾಗಿ ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಇದ್ದರು, ಮೈಸೂರು ಸರ್ಕಾರದ ಅತಿಥಿಯಾಗಿ. ಅದೇ ವರ್ಷ ಇರ್ವಿನ್ನರೂ ಇಲ್ಲಿಗೆ ಬರಬೇಕು. ದಿವಾನ್ ಮಿರ್ಜಾ ಇಸ್ಮಾಯಿಲರ ಜಾಗದಲ್ಲಿ ನಿಂತು ಯೋಚಿಸಿ ನೋಡಿ. ಆ ವರ್ಷದ ಕೊನೆಗೆ ಇನ್ನೊಂದು ನಡೆಯಿತು. ಗಾಂಧೀಜಿ ಮಂಗಳೂರಿನಲ್ಲಿದ್ದಾಗ ವೈಸ್‌ರಾಯ್ ಕರೆ ಬಂತು. ಅಷ್ಟು ದೂರ ರೈಲಿನಲ್ಲಿ ದೆಹಲಿಗೆ ಹೋದರೆ ಇರ್ವಿನ್ ಕೈಗೆ ಒಂದು ಕಾಗದ ಕೊಟ್ಟರು, ಸೈಮನ್ ಆಯೋಗ ಬರುತ್ತೆ ಅಂತ. ಲೋಕಕ್ಕೆ ಸಾರಿದ್ದು ನವೆಂಬರ್ 8ಕ್ಕೆ. ಇದಕ್ಕೆ ಒಂದಾಣೆ ಲಕೋಟೆ ಸಾಲುತ್ತಿತ್ತು ಅಂತ ಗಾಂಧೀಜಿ ಹೇಳಿದ್ದು ಪ್ರಸಿದ್ಧ. ಪತ್ರಿಕೆಗಿಂತ ಕೆಲವು ದಿನ ಮುಂಚೆ ಹೇಳಿದರೆ ಗೌರವ ಕೊಟ್ಟ ಹಾಗಾಯಿತು ಅಂತ ಇರ್ವಿನ್ನರ ಎಣಿಕೆ. ಆಯೋಗದಲ್ಲಿ ಒಬ್ಬ ಭಾರತೀಯನೂ ಇಲ್ಲ ಅಂದಮೇಲೆ ಮುಂಚೆ ಹೇಳಿದರೇನು, ತಡವಾಗಿ ಹೇಳಿದರೇನು?

ನಮ್ಮ ಶಿವಪುರಕ್ಕೆ ಬನ್ನಿ. 1938ರ ಏಪ್ರಿಲ್ 9ರಿಂದ 11ರವರೆಗೆ ಧ್ವಜ ಸತ್ಯಾಗ್ರಹ. ಕಾಂಗ್ರೆಸ್ ಬಾವುಟ ಹಾರಿಸಬಾರದು ಅಂತ ನಿಷೇಧಾಜ್ಞೆ. ಮುಂದಾಳು ಟಿ. ಸಿದ್ಧಲಿಂಗಯ್ಯನವರನ್ನ ಬಂಧಿಸಿದರು, ಜನ ಸಾವಿರಗಟ್ಟಲೆ ಸೇರಿದರು. ನಮ್ಮ ದೊಡ್ಡಪ್ಪ ಆಗ ಹತ್ತು ವರ್ಷದ ಹುಡುಗ. ಅವರಿಗೆ ಸುದ್ದಿ ಮುಟ್ಟಿದ್ದು ಮದ್ದೂರು ಸಂತೆಯಿಂದ ಬಂದ ಬೆಲ್ಲದ ಗಾಡಿಯವರಿಂದ, ಯಾವ ಪೇಪರಿನಿಂದಲೂ ಅಲ್ಲ. ಎರಡು ವಾರಕ್ಕೆ, 25ನೇ ತಾರೀಖು, ವಿದುರಾಶ್ವತ್ಥದಲ್ಲಿ ಗೋಲಿಬಾರು. ಎಷ್ಟು ಜನ ಸತ್ತರು ಅನ್ನೋದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಲೇ ಇಲ್ಲ. ಆಗ ಬಂದವರು ವಲ್ಲಭಭಾಯ್ ಪಟೇಲರು, ಕೃಪಲಾನಿಯವರು. ಆ ಭೇಟಿಯನ್ನ ಯಾವ ಮಿರ್ಜಾ ಅವರೂ ಮುಚ್ಚಿಡೋಕಾಗ್ತಿರಲಿಲ್ಲ. ಮೇ 17ಕ್ಕೆ ಸರ್ಕಾರದ ಹೇಳಿಕೆ ಹೊರಬಿತ್ತು: ಮೈಸೂರಿನ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟಕ್ಕೂ ಜಾಗ, ಸತ್ಯಾಗ್ರಹಿಗಳ ಬಿಡುಗಡೆ. ಜನ ಅದನ್ನ ಮಿರ್ಜಾ–ಪಟೇಲ್ ಒಪ್ಪಂದ ಅಂತ ಕರೆದರು.

ದಿವಾನರು ಸುದ್ದಿ ತಡೆದರೆ ಕನ್ನಡದವನಿಗೆ ಮಾತ್ರ ತಡೆದ ಹಾಗೆ ಅಂದಿರಿ. ಪೇಪರ್ ಓದೋ ಕನ್ನಡದವನಿಗೆ ಸರಿ. ಬೆಲ್ಲದ ಗಾಡಿಯನ್ನ ತಡೆದವರು ಯಾರೂ ಇರಲಿಲ್ಲ.

ಮೂಲ ಪ್ರಶ್ನೆ ಕೇಳಿದವರು: ಯಲಿಯೂರು ಹುಡುಗ

ಎಲ್ಲರಿಗೂ ಕೈ ಮುಗೀತೀನಿ. ಅಜ್ಜಿಗೆ ಎಲ್ಲಾನೂ ಓದಿ ಹೇಳಿದೆ. ಬೆಲ್ಲದ ಗಾಡಿ ಮಾತಿಗೆ "ಹೂಂ ಕಣಪ್ಪ, ಹಂಗೇ" ಅಂದರು.

ಕೇಳಿದ್ದಕ್ಕೆ ಅಜ್ಜಿ ಹೇಳಿದ್ದು: ತಾತ ಹುಟ್ಟಿದ್ದು ಊರೆಲ್ಲ ಜ್ವರ ಬಂದು ಹೆಣ ಹೊರೋಕೆ ಆಳಿಲ್ಲದ ಸಾಲಿನಲ್ಲಿ. ಮುತ್ತಾತ ಹಳಿ ಕಾಯೋಕೆ ಹೋದಾಗ ತಾತ ಮೂರು ವರ್ಷದ ಕೂಸು, ಹಿಂದೆ ಓಡಿಬಂದು ಅಳ್ತಾ ಇತ್ತಂತೆ. ಸಂಕ್ರಾಂತಿಗೆ ದನ ಕಿಚ್ಚು ಹಾಯಿಸಿ ಆಗಿತ್ತು. ಕಣದಲ್ಲಿ ರಾಗಿ ಮೆದೆ ಇತ್ತು. ಚಳಿ ಅಂದರೆ ಚಳಿ.

ಉತ್ತರ: ಸರಸ್ವತಿಪುರಂ ನಿವೃತ್ತ

ಮೇಷ್ಟ್ರಮ್ಮನವರ ಮಾತು ಒಪ್ಪಿದೆ. ನಾನು ಜೀವಮಾನವೆಲ್ಲ ಕಾಗದದ ಕಡೆಯಿಂದ ನೋಡಿದವನು, ಗಾಡಿಯ ಕಡೆಯಿಂದ ನೋಡಲಿಲ್ಲ.

ತಮ್ಮಾ, ಜ್ವರದ ಸಾಲು ಅಂದರೆ 1918, ಇನ್‌ಫ್ಲುಯೆಂಜಾ. ಮೂರು ವರ್ಷದ ಮಗು, ಸಂಕ್ರಾಂತಿ ಕಳೆದಿದೆ. ಹಾಗಾದರೆ 1922ರ ಜನವರಿ, ಯುವರಾಜ ಎಡ್ವರ್ಡ್. ಲೆಕ್ಕ ಸೊಗಸಾಗಿ ಕೂಡುತ್ತೆ. ಆ ಭೇಟಿಗೆ ಕಾಂಗ್ರೆಸ್ ಬಹಿಷ್ಕಾರ ಹಾಕಿತ್ತು. 1921ರ ನವೆಂಬರ್ 17ಕ್ಕೆ ಯುವರಾಜ ಬೊಂಬಾಯಿಯಲ್ಲಿ ಇಳಿದ ದಿನವೇ ಗಲಭೆಯಾಗಿ ಹೆಣ ಬಿದ್ದವು. ಜನವರಿ 13ಕ್ಕೆ ಮದ್ರಾಸಿನಲ್ಲೂ ಗಲಭೆ. ಅಲ್ಲಿಂದ ನೇರ ನಮ್ಮ ಕಡೆಗೆ, ಬೆಂಗಳೂರು, ಆಮೇಲೆ ಮೈಸೂರು. ಮದ್ರಾಸಿನ ಸುದ್ದಿ ಕೇಳಿದ ಮೈಸೂರಿನ ಅಧಿಕಾರಿಗಳ ಎದೆ ಹೇಗೆ ಹೊಡೆದುಕೊಂಡಿರಬೇಕು! ಪಟೇಲರಿಗೂ ಹೆಸರು ಹೇಳಿರಲಾರರು.

ಬರೆಯೋಕೆ ಕೂತಾಗ ಪತ್ರಿಕೆಯ ಸಂಪುಟ ಮೊದಲು ಹುಡುಕಬೇಡ. ಅದರಲ್ಲಿ ಸ್ವಾಗತ ಕಮಾನು, ದೀಪಾಲಂಕಾರ, ಬಿನ್ನವತ್ತಳೆ, ಇವೇ ಸಿಗೋದು. ಮೈಸೂರಿನ ವಿಭಾಗೀಯ ಪತ್ರಾಗಾರಕ್ಕೆ ಹೋಗಿ ಆ ಸಾಲಿನ ಖರ್ಚಿನ ಕಡತ ಕೇಳು. ಆಗ ಮಂಡ್ಯ ಜಿಲ್ಲೆ ಆಗಿರಲಿಲ್ಲ, ಆದದ್ದು 1939ರಲ್ಲಿ. ಮೈಸೂರು ಜಿಲ್ಲೆ, ಮಂಡ್ಯ ತಾಲ್ಲೂಕು ಅಂತ ಹುಡುಕು, ಪಾಂಡವಪುರದ ಕಡೆಯದಾದರೆ ಫ್ರೆಂಚ್ ರಾಕ್ಸ್ ಅಂತ ಬರೆದಿರುತ್ತೆ. ಸರ್ಕಾರ ಬಾಯಲ್ಲಿ ಹೇಳದ್ದನ್ನ ಲೆಕ್ಕದಲ್ಲಿ ಬರೆದಿರುತ್ತೆ, ಇದು ನನ್ನ ಅನುಭವ. ಹಳಿ ಕಾವಲಿಗೆ ಇಷ್ಟು ಆಳು, ಪಂಜಿನ ಎಣ್ಣೆಗೆ ಇಷ್ಟು ಆಣೆ ಅಂತ ಅಮಲ್ದಾರರು ಬಿಲ್ಲು ಕಳಿಸಿದ್ದರೆ ಊರಿನ ಹೆಸರು, ತಾರೀಖು ಎರಡೂ ಸಿಕ್ಕಿದ ಹಾಗೆ. ಹೋಗೋ ದಿನ ಹೇಳು, ನಾನೂ ಬರ್ತೀನಿ. ಮೋಡಿ ಬರಹ ಬಂದರೆ ಓದಿ ಕೊಡ್ತೀನಿ.

ಮೂಲ ಪ್ರಶ್ನೆ ಕೇಳಿದವರು: ಯಲಿಯೂರು ಹುಡುಗ

ಸರ್, ಸೋಮವಾರ ಬೆಳಗ್ಗೆ ಮೈಸೂರು ಗಾಡಿ ಹತ್ತುತೀನಿ. ಸ್ಟೇಷನ್ನಿನಿಂದ ನಿಮ್ಮ ಮನೆಗೇ ಬರ್ತೀನಿ.

ಎಣ್ಣೆ ಬಿಲ್ಲಿನ ವಿಷಯ ಅಜ್ಜಿಗೆ ಹೇಳಿದೆ. ಯುವರಾಜನ ಹೆಸರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ಬಿಲ್ಲು ಎಲ್ಲಿಂದ ಬತ್ತದೆ ಮಗ? ಎಣ್ಣೆ ನಮ್ಮನೇದೇ. ಬದಿನ ಮೇಲಿನ ಹೊಂಗೆ ಮರದ್ದು. ಆ ವರ್ಸ ದೀಪಕ್ಕೆ ಅಂತ ಮಡಗಿದ್ದ ಗಡಿಗೆ ಒಂದೇ ರಾತ್ರಿಗೆ ಖಾಲಿ ಆಯ್ತು ಅಂತ ನಮ್ಮತ್ತೆ ಹೇಳ್ತಿದ್ದರು."